ಲೆಕ್ಕಕ್ಕೆ ಸಿಗದ ಕೈಗಳು



ಹಲಗೇರಿಯ ಹೊಲದಲ್ಲಿ ದುಡಿಯುವವರು ವಿಮಾನದ ಸದ್ದು ಕೇಳಿದೊಡನೆ ಕ್ಷಣಕಾಲ ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡುವುದುಂಟು. ನಮಗೆ ಅದೊಂದು ಕೌತುಕ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಯೂರೋಪಿನ ತಾಯಂದಿರು ಅದೇ ಸದ್ದಿಗೆ ಮಕ್ಕಳನ್ನು ಅವುಚಿಕೊಂಡು ನೆಲಮಾಳಿಗೆಗೆ ಓಡುತ್ತಿದ್ದರು.

ಆ ಯುದ್ಧವು ಕಾರ್ಖಾನೆಗಳ ಪೈಪೋಟಿಯೂ ಆಗಿತ್ತು. 1940ರಲ್ಲಿ ಬ್ರಿಟನ್ ಸುಮಾರು 15,000 ವಿಮಾನಗಳನ್ನು ತಯಾರಿಸಿದರೆ, ಜರ್ಮನಿ ತಯಾರಿಸಿದ್ದು 10,000ಕ್ಕಿಂತ ತುಸು ಹೆಚ್ಚು. 1944ರ ವೇಳೆಗೆ ಲೆಕ್ಕ ತಲೆಕೆಳಗಾಯಿತು: ಜರ್ಮನಿಯದು ಸುಮಾರು 40,000, ಬ್ರಿಟನ್ನಿನದು ಸುಮಾರು 26,000. ಆದರೆ ಬ್ರಿಟನ್ನಿನ ಮಿತ್ರರಾದ ಸೋವಿಯತ್ ಒಕ್ಕೂಟವು ಅದೇ ವರ್ಷ ಸುಮಾರು 40,000, ಅಮೆರಿಕವು ಸುಮಾರು 96,000 ವಿಮಾನಗಳನ್ನು ಹೊರತಂದವು. ಜರ್ಮನಿಯ ಮಿತ್ರ ಇಟಲಿಯಾದರೋ ಇಡೀ ಯುದ್ಧದಲ್ಲಿ ತಯಾರಿಸಿದ್ದು ಸುಮಾರು 11,000 ಮಾತ್ರ. ಕೊನೆಗೆ ಜರ್ಮನಿಯ ಬಳಿ ವಿಮಾನಗಳಿದ್ದರೂ ಇಂಧನವಿರಲಿಲ್ಲ, ನುರಿತ ಚಾಲಕರಿರಲಿಲ್ಲ.

ಈ ಅಂಕಿಗಳು ಮರೆಮಾಚುವ ಸತ್ಯವೊಂದಿದೆ. ಜರ್ಮನಿಯ ವಿಮಾನದ ಭಾಗಗಳನ್ನು ಫ್ಲೋಸೆನ್‌ಬುರ್ಗ್, ಗುಸೆನ್ ಮೊದಲಾದ ಸೆರೆಶಿಬಿರಗಳ ಬಂದಿಗಳಿಂದಲೂ ಮಾಡಿಸಲಾಯಿತು. ಹಸಿವು, ಹೊಡೆತ, ಬಳಲಿಕೆಗಳಿಂದ ಅವರಲ್ಲಿ ಅಸಂಖ್ಯರು ಮಡಿದರು. ತಯಾರಾದ ವಿಮಾನಗಳನ್ನು ಎಣಿಸಿದವರು ಸವೆದುಹೋದ ಆ ಕೈಗಳನ್ನು ಎಣಿಸಲಿಲ್ಲ.

ಈ ಯುದ್ಧ ನಮ್ಮ ನಾಡಿಗೂ ಒಂದು ಕಾರ್ಖಾನೆಯನ್ನು ತಂದಿತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರಲ್ಲಿ ಹಾಕ್ ಯುದ್ಧವಿಮಾನ. ಯೂರೋಪಿನ ಸಂಖ್ಯೆಗಳ ಮುಂದೆ ಇವು ಬೆರಳೆಣಿಕೆಯವು. 1943ರಿಂದ ಅಮೆರಿಕದ ವಾಯುಪಡೆಯ ಉಸ್ತುವಾರಿಯಲ್ಲಿ ವಿಮಾನಗಳ ದುರಸ್ತಿಯೇ ಅಲ್ಲಿನ ಮುಖ್ಯ ಕಾಯಕವಾಯಿತು.

ಯುದ್ಧ ಮುಗಿದ ಬಳಿಕ ಅದೇ ಸಂಸ್ಥೆ ರೈಲು ಬೋಗಿಗಳನ್ನೂ ಬಸ್ಸಿನ ಕವಚಗಳನ್ನೂ ಕಟ್ಟಿತು. ಯುದ್ಧವಿಮಾನಕ್ಕೆ ಲೋಹ ಬಡಿಯಲು ಕಲಿತ ಕೈಗಳು ಜನರನ್ನು ಊರಿಂದೂರಿಗೆ ಮುಟ್ಟಿಸುವ ಕೆಲಸಕ್ಕೆ ತೊಡಗಿದವು. ಮುಂದೆ ಅಲ್ಲಿ ಯುದ್ಧವಿಮಾನಗಳೂ ತಯಾರಾದವು, ಇಂದಿಗೂ ಆಗುತ್ತಿವೆ, ನಿಜ. ಆದರೂ ಕತ್ತಿ ನೇಗಿಲಾಗುವ ಪ್ರವಾದಿ ಯೆಶಾಯನ ಕನಸು ಕೈಗೆಟುಕದ್ದಲ್ಲ ಎಂಬುದಕ್ಕೆ ಆ ಬೋಗಿಗಳು ಸಾಕ್ಷಿ.

ನಮ್ಮ ಮನೆಗಳಲ್ಲೂ ಪೈಪೋಟಿಗಳುಂಟು: ಯಾರ ಬೆಳೆ ಎಷ್ಟು, ಯಾರ ಮಗನ ಸಂಬಳ ಎಷ್ಟು? ಎಷ್ಟು ಎಂದು ಕೇಳುವ ಮುನ್ನ, ಯಾರ ಬೆವರಿನಿಂದ, ಯಾತಕ್ಕಾಗಿ ಎಂದು ಕೇಳೋಣ. ದೇವರ ಲೆಕ್ಕದ ಪುಸ್ತಕದಲ್ಲಿ ಮೊದಲು ಬರೆಯಲಾಗುವುದು ಅದೇ.