ದತ್ತಮಂಡಲದ ಕಂದಾಯ

ತೆರಿಗೆ ಎತ್ತಲು ಬಂದ ಅಧಿಕಾರಿಯನ್ನು ಜನರು ಶಪಿಸುವುದು ವಾಡಿಕೆ. ಅವನ ಹೆಸರನ್ನು ಮಕ್ಕಳಿಗೆ ಇಡುವುದು ಅಪರೂಪ. ರಾಯಲಸೀಮೆಯಲ್ಲಿ ಮನ್ರೋಲಪ್ಪ ಎಂಬ ಹೆಸರು ಹೀಗೆ ಹುಟ್ಟಿತು. ಸರ್ ಥಾಮಸ್ ಮನ್ರೋ ಮಂತ್ರಾಲಯದ ಪ್ರತೀತಿಯಿಂದ ನಮ್ಮ ಮಕ್ಕಳಿಗೂ ಪರಿಚಿತನೇ. ಆದರೆ ಆತನ ರೈತವಾರಿ ಪದ್ಧತಿಯನ್ನು ಪಾಠದಲ್ಲಿ ನಾವು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಭೂಮಿಯ ಅಳತೆ ಒಂದು, ಅದರ ಮೇಲೆ ಹಾಕಿದ ದರ ಇನ್ನೊಂದು ಎಂಬ ಭೇದವು ಆ ಎರಡು ವಾಕ್ಯಗಳಲ್ಲಿ ಅಡಗಿಹೋಗುತ್ತದೆ.

೧೭೯೨ ಮತ್ತು ೧೭೯೯ರ ಮೈಸೂರು ಯುದ್ಧಗಳ ತರುವಾಯ ತನ್ನ ಪಾಲಿಗೆ ಬಂದ ಸೀಮೆಗಳನ್ನೂ, ಮೊದಲೇ ತನ್ನ ಕೈಯಲ್ಲಿದ್ದ ಆದವಾನಿಯನ್ನೂ ನಿಜಾಮನು ೧೮೦೦ರ ಅಕ್ಟೋಬರಿನಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ತನ್ನ ರಕ್ಷಣೆಗಿದ್ದ ಕಂಪನಿಯ ಸೈನ್ಯದ ವೆಚ್ಚಕ್ಕೆ ಇದು ಪ್ರತಿಫಲ. ಹೀಗೆ ಕೊಟ್ಟ ನಾಡಾದುದರಿಂದ ದತ್ತಮಂಡಲವೆಂಬ ಹೆಸರು. ರಾಯಲಸೀಮೆಯೆಂಬುದು ೧೯೨೮ರಲ್ಲಿ ಬಂದ ಹೆಸರು. ಬಾರಾಮಹಲಿನಲ್ಲಿ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತು, ಕಾಸರಗೋಡೂ ಸೇರಿದ್ದ ಕೆನರಾ ಜಿಲ್ಲೆಯಲ್ಲಿ ವರ್ಷಕ್ಕೆ ಮಿಕ್ಕಿ ದುಡಿದಿದ್ದ ಮನ್ರೋ ಇಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದನು. ಸುಮಾರು ೮೦ ಮಂದಿ ಪಾಳೆಯಗಾರರು ಆಗ ನಾಡನ್ನು ಹಂಚಿಕೊಂಡಿದ್ದರು. ಅವರನ್ನು ಸೈನ್ಯದ ಬಲದಿಂದ ಅಡಗಿಸಿದ ಸಂಗತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ.

೧೮೦೨ರಲ್ಲಿ ಭೂಮಾಪನ ಮೊದಲಾಯಿತು. ಅಳತೆಗೆ ೩೩ ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ೧,೦೮೯ ಚದರಡಿ. ಅಂಥ ನಲವತ್ತು ಕೂಡಿದರೆ ೪೩,೫೬೦, ಅಂದರೆ ಸರಿಯಾಗಿ ಒಂದು ಎಕರೆ. ನಮ್ಮ ಮಕ್ಕಳು ಕೋಷ್ಟಕದಲ್ಲಿ ಕಂಠಪಾಠ ಮಾಡುವ ಗುಂಟೆಯ ಲೆಕ್ಕವೂ ಇದೇ. ಅಳೆಯುವವರ ಹಿಂದೆ ದರ ಕಟ್ಟುವವರು ಬಂದು ಖುಷ್ಕಿ, ತರಿ, ಬಾಗಾಯ್ತು ಎಂದು ಹೊಲಗಳನ್ನು ವಿಂಗಡಿಸಿ, ಒಂದೊಂದಕ್ಕೂ ಕಂದಾಯ ಗೊತ್ತುಮಾಡಿದರು. ನಡುವೆ ಗುತ್ತಿಗೆದಾರನಿಲ್ಲ, ಸರಕಾರ ಒಂದು ಕಡೆ, ರೈತ ಒಂದು ಕಡೆ. ಇದು ಪದ್ಧತಿಯ ನಿಜವಾದ ಹಿರಿಮೆ. ಆದರೂ ಶಾನುಭೋಗನ ಲೆಕ್ಕವಿಲ್ಲದೆ ಕಲೆಕ್ಟರನಿಗೆ ಯಾವ ಹೊಲ ಯಾರದೆಂಬುದೂ ತಿಳಿಯುವಂತಿರಲಿಲ್ಲವೆಂಬುದನ್ನು ಮರೆಯಬಾರದು.

ಇನ್ನು ದರದ ಮಾತು. ಮನ್ರೋನ ಎಣಿಕೆಯಂತೆ ಸರಕಾರದ ಪಾಲು ಒಟ್ಟು ಫಸಲಿನಲ್ಲಿ ನೂರಕ್ಕೆ ಸುಮಾರು ೪೫. ನೂರು ಸೇರು ಜೋಳ ಬೆಳೆದವನು ನಲವತ್ತೈದು ಸೇರಿನ ಬೆಲೆಯನ್ನು ಕಚೇರಿಗೆ ಕಟ್ಟಿ, ಉಳಿದುದರಲ್ಲಿ ಬೀಜ, ಎತ್ತು, ಆಳು, ಮನೆಮಂದಿ ಎಲ್ಲವನ್ನೂ ಸಾಗಿಸಬೇಕು! ಇಷ್ಟೇ ಅಲ್ಲ. ಒಬ್ಬ ರೈತನು ಕಂದಾಯ ತೆರಲಾರದೆ ಹೋದರೆ ಆ ಕೊರತೆಯನ್ನು ನೂರಕ್ಕೆ ಹತ್ತರ ಮಿತಿಯೊಳಗೆ ಊರಿನ ಇತರ ರೈತರ ಮೇಲೆ ಹೊರಿಸುತ್ತಿದ್ದರು. ರೈತನೊಬ್ಬನೇ ಹೊಣೆಯೆಂಬ ತತ್ತ್ವಕ್ಕೆ ಇದು ಹೇಗೆ ಹೊಂದುತ್ತದೆಯೋ ನಾನು ಕಾಣೆ. ೧೮೦೦-೦೧ರಲ್ಲಿ ಸುಮಾರು ೧೦ ಲಕ್ಷ ವರಾಹಗಳಿದ್ದ ಹುಟ್ಟುವಳಿ ೧೮೦೬-೦೭ರ ವೇಳೆಗೆ ೧೫ ಲಕ್ಷ ದಾಟಿತು. ನಡುವೆ ಬರಗಾಲವೂ ಬಂದುಹೋಗಿತ್ತು. ಖಜಾನೆ ತುಂಬಿದ್ದನ್ನು ಕಂಡು ಪ್ರಜೆಗಳು ಸುಖಿಗಳಾಗಿದ್ದರೆಂದು ಬರೆಯುವುದು ಅವಸರದ ಮಾತು.

ಇದನ್ನು ಸ್ವತಃ ಮನ್ರೋ ಅರಿತಿದ್ದನು. ೧೮೦೭ರ ಆಗಸ್ಟಿನಲ್ಲಿ ಮದರಾಸಿಗೆ ಬರೆದ ವರದಿಯಲ್ಲಿ, ಎಲ್ಲ ಭೂಮಿಗಳ ಮೇಲೂ ನೂರಕ್ಕೆ ೨೫ರಷ್ಟು, ಬಾವಿ ಮುಂತಾದವುಗಳಿಂದ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ ೮ರಷ್ಟು ಕಂದಾಯ ಇಳಿಸಬೇಕೆಂದು ಶಿಫಾರಸು ಮಾಡಿದನು. ೪೫ರಲ್ಲಿ ಕಾಲುಭಾಗ ಕಳೆದರೆ ೩೩ ಮುಕ್ಕಾಲು. ಸರಕಾರಕ್ಕೆ ಸುಮಾರು ಮೂರನೆಯ ಒಂದು ಪಾಲು. ರೈತನು ಪ್ರತಿ ವರ್ಷವೂ ತನ್ನ ಶಕ್ತಿಯಂತೆ ಹೊಲ ಬಿಡಲು, ಹೊಸದನ್ನು ಹಿಡಿಯಲು ಸ್ವತಂತ್ರನಾಗಿರಬೇಕೆಂದೂ ಅದರಲ್ಲಿ ಹೇಳಿದ್ದನು.

ಮದರಾಸು ಒಪ್ಪಲಿಲ್ಲ. ಮನ್ರೋ ಸ್ವದೇಶಕ್ಕೆ ತೆರಳಿದ ಮೇಲೆ ಗ್ರಾಮಗಳನ್ನು ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಹಳೆಯ ಭಾರವೇ ಗುತ್ತಿಗೆಯ ಮೊತ್ತವಾಯಿತು. ಎಷ್ಟೋ ಗುತ್ತಿಗೆದಾರರು ಹಣ ಕಟ್ಟಲಾರದೆ ಹಾಳಾದರು; ಅವರ ಗ್ರಾಮಗಳು ಮತ್ತೆ ಸರಕಾರದ ಕೈಗೇ ಬಂದವು. ೧೮೨೦ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಬಂದಾಗ ರೈತವಾರಿಯೂ, ಹದಿಮೂರು ವರ್ಷ ಕಡತದಲ್ಲಿ ಬಿದ್ದಿದ್ದ ಆ ಇಳಿತಾಯವೂ ಜಾರಿಗೆ ಬಂದವು. ಏಳು ವರ್ಷಗಳ ತರುವಾಯ, ಹುದ್ದೆ ಬಿಡುವ ಮೊದಲು ಈ ಸೀಮೆಯನ್ನು ಕೊನೆಯ ಸಲ ನೋಡಿಹೋಗಲು ಬಂದವನು ೧೮೨೭ರ ಜುಲೈ ೬ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.