ತಾಯಿ ಮೀನಿಗೆ ವಯಸ್ಸಾದಷ್ಟೂ ಮರಿ ಗಟ್ಟಿಯೇ? ಕೆರೆಗೆ ಮರಿ ಬಿಡುವ ಮುನ್ನ ಓದಿ

ಹೇಳಿಕೆ: ತಾಯಿ ಮೀನು ಎಷ್ಟು ಹಳೆಯದೋ, ಎಷ್ಟು ದೊಡ್ಡದೋ, ಮರಿ ಅಷ್ಟು ಗಟ್ಟಿ.
ನಮ್ಮ ಉತ್ತರ: ಅರ್ಧ ಸತ್ಯ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕೆರೆ ಗುತ್ತಿಗೆ ಹಿಡಿದವರಿಗೆ ಇದು ದುಡ್ಡಿನ ಪ್ರಶ್ನೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು, ಇಲ್ಲವೇ ಹಾರ್ಮೋನ್ ಚುಚ್ಚುಮದ್ದು ಬೇಕು. ಚುಚ್ಚುಮದ್ದಿನ ಈ ವಿಧಾನವನ್ನು ನಮ್ಮ ದೇಶದಲ್ಲಿ 1957ರಲ್ಲಿ ಹೀರಾಲಾಲ್ ಚೌಧುರಿ ಯಶಸ್ವಿಯಾಗಿ ಮಾಡಿ ತೋರಿಸಿದರು. ಹಾಗಾಗಿ ಮರಿಯನ್ನು ಕೊಂಡೇ ತರಬೇಕು. ಕೊಳ್ಳುವಾಗ ಕಾಣುವುದು ಆಮ್ಲಜನಕ ತುಂಬಿದ ಚೀಲದೊಳಗಿನ ಮರಿ ಮಾತ್ರ. ತಾಯಿಯನ್ನು ನೋಡಿದವರು ಕಡಿಮೆ.

ಮೊದಲು ಸತ್ಯದ ಅರ್ಧ. ಮೊಟ್ಟೆಯೊಳಗಿನ ಭ್ರೂಣಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿಯೇ ಊಟ, ಅಂದರೆ ಹಳದಿ ಭಾಗ. ಮೊದಲ ಸಲ ಮೊಟ್ಟೆಯಿಡುವ ಎಳೆಯ ಮೀನು ಇನ್ನೂ ತಾನೇ ಬೆಳೆಯುತ್ತಿರುತ್ತದೆ, ಬುತ್ತಿ ತೆಳ್ಳಗಾಗುತ್ತದೆ. ಮೊಟ್ಟೆ ಸಣ್ಣದು, ಫಲಿತವಾಗುವುದೂ ಕಡಿಮೆ. ಅಮೆರಿಕದ ಪೆಸಿಫಿಕ್ ಕರಾವಳಿಯ ಕಪ್ಪು ರಾಕ್‌ಫಿಶ್ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿರಿಯ ತಾಯಂದಿರ ಮರಿಗಳು ಎಳೆಯ ತಾಯಂದಿರ ಮರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಬೆಳೆದವು. ಉಪವಾಸವನ್ನೂ ಎರಡು ಪಟ್ಟಿಗಿಂತ ಹೆಚ್ಚು ಕಾಲ ತಡೆದುಕೊಂಡವು.

ಆದರೆ ಅದು ಐವತ್ತು ವರ್ಷದವರೆಗೂ ಬದುಕಬಲ್ಲ ಸಮುದ್ರದ ಮೀನು. ಆ ಲೆಕ್ಕವನ್ನು ನಮ್ಮ ರೋಹುವಿಗೆ ಹಚ್ಚಬೇಡಿ. ಗೆಂಡೆ ಜಾತಿಯ ಮೀನುಗಳಲ್ಲಿ ಮರಿ ಕೇಂದ್ರಗಳು ಸಾಮಾನ್ಯವಾಗಿ ಆರಿಸುವುದು ಎರಡರಿಂದ ನಾಲ್ಕು ವರ್ಷದವನ್ನು. ಕಾಟ್ಲಾ ಬಲಿಯುವುದು ಸ್ವಲ್ಪ ತಡ, ಮೂರು ವರ್ಷವಾದರೂ ಬೇಕು. ತೀರಾ ಹಳೆಯ, ಹೊಟ್ಟೆಯಲ್ಲಿ ಕೊಬ್ಬು ಕಟ್ಟಿದ ಮೀನು ಚುಚ್ಚುಮದ್ದಿಗೆ ಸರಿಯಾಗಿ ಸ್ಪಂದಿಸದೆ ಹೋಗಬಹುದು. ಗಂಡಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಫಾರ್ವರ್ಡ್‌ಗಳಲ್ಲಿ ಅಪ್ಪನನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಇನ್ನೊಂದು ವಯಸ್ಸಿದೆ, ಮೊಟ್ಟೆಯದು. ಮೊಟ್ಟೆ ಬಲಿತು ಬಿಡುಗಡೆಯಾದ ಮೇಲೂ ಹೊಟ್ಟೆಯಲ್ಲೇ ಉಳಿದರೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ತಾಯಿ ಒಳ್ಳೆಯ ವಯಸ್ಸಿನದಾದರೂ ಆಗ ಉಪಯೋಗವಿಲ್ಲ. ಫಲಿತ ಮೊಟ್ಟೆ ಪಾರದರ್ಶಕವಾಗಿರುತ್ತದೆ, ಕೆಟ್ಟದ್ದು ಬೆಳ್ಳಗಾಗುತ್ತದೆ. ನೀರು 27ರಿಂದ 30 ಡಿಗ್ರಿ ಇದ್ದರೆ ಹದಿನಾಲ್ಕರಿಂದ ಹದಿನೆಂಟು ಗಂಟೆಯಲ್ಲಿ ಮರಿ ಹೊರಬರುತ್ತದೆ. ನೀರು ಅತಿಯಾಗಿ ಕಾದರೆ ಭ್ರೂಣ ಸೊಟ್ಟಗಾಗುತ್ತದೆ.

ತಾಯಿಯ ಬುತ್ತಿ ಮುಗಿಯುವುದು ಸುಮಾರು ಮೂರು ದಿನಕ್ಕೆ. ಆಮೇಲೆ ಮರಿಯನ್ನು ಸಾಕುವುದು ನೀರಿನಲ್ಲಿರುವ ಸೂಕ್ಷ್ಮ ಜೀವಿಗಳು. ಬೆರಳುದ್ದ ಬೆಳೆಯದ ಮರಿಯನ್ನು ಮೀನು ತಿನ್ನುವ ಮೀನುಗಳಿರುವ ಕೆರೆಗೆ ಬಿಟ್ಟು, ಆಮೇಲೆ ತಾಯಿ ಮೀನನ್ನು ದೂರಿ ಪ್ರಯೋಜನವಿಲ್ಲ. ಒಂದೇ ಬಳಗದ ಮೀನುಗಳನ್ನು ವರ್ಷಗಟ್ಟಲೆ ಕೂಡಿಸಿದರೂ ಮರಿ ಕುಂಠಿತವಾಗುತ್ತದೆ. ಅದು ಮುಪ್ಪಿನ ದೋಷವಲ್ಲ, ರಕ್ತಸಂಬಂಧದ ದೋಷ.

ಆದ್ದರಿಂದ ಮರಿ ಕೊಳ್ಳುವಾಗ ತಾಯಿ ಮೀನಿನ ತೂಕ ಕೇಳಿ ಸುಮ್ಮನಾಗಬೇಡಿ. ಅದರ ವಯಸ್ಸೆಷ್ಟು, ಈ ಹಂಗಾಮಿನಲ್ಲಿ ಎಷ್ಟನೇ ಸಲ ಮೊಟ್ಟೆ ತೆಗೆದದ್ದು, ಹೊಸ ತಾಯಿ-ಗಂಡು ಮೀನುಗಳನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಿ. ಅನುಮಾನವಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ. ಜೊತೆಗೆ ನಾಲ್ಕು ಮರಿಗಳನ್ನು ಬೋಗುಣಿಗೆ ಹಾಕಿ ನೀರನ್ನು ಕೈಯಿಂದ ತಿರುಗಿಸಿ: ಗಟ್ಟಿ ಮರಿ ಸೆಳವಿನ ಎದುರು ಈಜುತ್ತದೆ, ಸೋತದ್ದು ನೀರಿನ ಜೊತೆ ತಿರುಗಿ ನಡುವೆ ಬಂದು ಸೇರುತ್ತದೆ.