ಕಾಫಿಸೀಮೆಯಲ್ಲಿ ಕಾನೂನು ಬರವಣಿಗೆಯ ಕಲಿಕೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿಸೀಮೆಯಲ್ಲಿ ಕಾನೂನು ಬರವಣಿಗೆ ಬೆಳೆದದ್ದು ಜಮೀನಿನ ಪತ್ರಗಳ ಸುತ್ತ. ಅದು ಮೊದಲು ಮನೆತನದ ವಿದ್ಯೆಯಾಗಿತ್ತು, ಆಮೇಲೆ ವಕೀಲರ ಕಚೇರಿಯ ವಿದ್ಯೆಯಾಯಿತು. ಕಾಲೇಜಿನ ಪಾಠವಾದದ್ದು ತೀರ ಈಚೆಗೆ. ಬಹುಕಾಲ ಹಳೆಯ ಪತ್ರವನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆಯುವುದೇ ಕಲಿಕೆಯ ಕ್ರಮವಾಗಿತ್ತು.

ಈ ಸೀಮೆಯ ಹಳೆಯ ಪತ್ರಗಳು ಕಲ್ಲಿನ ಮೇಲಿವೆ. ಕಳಸದ ಕಳಸೇಶ್ವರ ದೇವಾಲಯದ ಶಾಸನಗಳೂ ಸೇರಿದಂತೆ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟವಾಗಿ ಹೊರತಂದರು. ದಾನಶಾಸನಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು: ಕಾಲ, ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಅದರೊಂದಿಗೆ ಸಲ್ಲುವ ಹಕ್ಕುಗಳು, ಸಾಕ್ಷಿಗಳು, ಅಳುಪಿದವರಿಗೆ ಶಾಪ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳ ಸಾಲು ಶಾಸನದಿಂದ ಕಾಗದಕ್ಕೆ ಇಳಿದು, ಕನ್ನಡದ ಕ್ರಯಪತ್ರಗಳಲ್ಲಿ ಇಂದಿಗೂ ಉಳಿದಿದೆ. ಶಾಪ ಮಾತ್ರ ಬಿಟ್ಟುಹೋಯಿತು; ಅದರ ಕೆಲಸವನ್ನು ನೋಂದಣಿ ಕಚೇರಿ ಮತ್ತು ನ್ಯಾಯಾಲಯ ವಹಿಸಿಕೊಂಡವು.

ಊರಿನ ಲೆಕ್ಕಪತ್ರ ಶಾನುಭೋಗರ ಕೈಯಲ್ಲಿತ್ತು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಇಂಥ ಕಡತಗಳ ದೊಡ್ಡ ಸಂಗ್ರಹ ಶೃಂಗೇರಿ ಮಠದಲ್ಲಿದೆ. ವೃತ್ತಿ ವಂಶಪಾರಂಪರ್ಯವಾದ್ದರಿಂದ ಮಗ ತಂದೆಯ ಕಡತ ನೋಡಿಯೇ ಕೈ ಕುದುರಿಸಿಕೊಳ್ಳಬೇಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಕೊನೆಗೊಂಡಿತು. ಅದರೊಂದಿಗೆ ಆ ಮನೆಪಾಠವೂ ನಿಂತಿತು.

ಅಷ್ಟರಲ್ಲಿ ಕಾಫಿ ಬರವಣಿಗೆಯ ಕೆಲಸವನ್ನು ಹೆಚ್ಚಿಸಿತ್ತು. 1830ರ ಸುಮಾರಿಗೆ ಕ್ಯಾನನ್ ಎಂಬ ಯುರೋಪಿಯನ್ ಪ್ಲಾಂಟರ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ಮೇಲೆ ಮಲೆಯ ಕಾಡು ಒಂದೊಂದಾಗಿ ಕೊಳ್ಳುವ, ಮಾರುವ, ಅಡವಿಡುವ ಆಸ್ತಿಯಾಯಿತು. 1865ರಲ್ಲಿ ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂತು. ಗದ್ದೆಯ ಪತ್ರಕ್ಕಿಂತ ತೋಟದ ಪತ್ರ ಬರೆಯುವುದು ಕಷ್ಟ. ಸರ್ವೆ ನಂಬರು, ಎಕರೆ, ಗುಂಟೆಯ ಜೊತೆಗೆ ಕಾಫಿ ಗಿಡ, ಮೆಣಸಿನ ಬಳ್ಳಿ, ನೆರಳಿನ ಮರ, ಕಣ, ಕೂಲಿಕಾರರ ಲೈನ್ ಮನೆ, ನೀರಿನ ಹಾದಿ ಎಲ್ಲವೂ ಷೆಡ್ಯೂಲಿಗೆ ಬರಬೇಕು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾಡು ಎಂದು ಬರೆದು ಬಿಟ್ಟರೆ, ಮಳೆಗಾಲದಲ್ಲಿ ಹಳ್ಳ ದಿಕ್ಕು ಬದಲಿಸಿದಾಗ ತಕರಾರು ಹುಟ್ಟುತ್ತದೆ. ಪತ್ರದ ಕೊನೆಯಲ್ಲಿ ಬರೆದವರು ಬಿಕ್ಕಲಂ ಎಂದು ರುಜು ಹಾಕುತ್ತಾರೆ. ತಿದ್ದಿದ, ಹೊಡೆದುಹಾಕಿದ ಮಾತುಗಳನ್ನು ಷರಾದಲ್ಲಿ ಕಾಣಿಸುತ್ತಾರೆ. ಇದು ಬರೀ ರೂಢಿಯಲ್ಲ: ತಿದ್ದುಪಡಿಗೆ ಬರೆಸಿಕೊಟ್ಟವರ ರುಜು ಇಲ್ಲದಿದ್ದರೆ ನೋಂದಣಿಯನ್ನು ನಿರಾಕರಿಸಬಹುದೆಂದು 1908ರ ನೋಂದಣಿ ಕಾಯಿದೆಯ 20ನೇ ಕಲಂ ಹೇಳುತ್ತದೆ, ಆಸ್ತಿಯ ಗುರುತು ಸ್ಪಷ್ಟವಾಗಿರಬೇಕೆಂದು 21ನೇ ಕಲಂ ಹೇಳುತ್ತದೆ.

ನ್ಯಾಯಾಲಯದ ಬರವಣಿಗೆ ವಕೀಲರ ಕಚೇರಿಯಲ್ಲಿ ಬೆಳೆಯಿತು. ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾದದ್ದು 1884ರಲ್ಲಿ. 1930ರಲ್ಲಿ ಅದು ಹೈಕೋರ್ಟ್ ಆಯಿತು. ಆದರೆ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1948ರಲ್ಲಿ. ಅದಕ್ಕೆ ಮುಂಚೆ ಕಾನೂನು ಪದವಿ ಬೇಕಾದವರು ಮದರಾಸಿಗೋ ಮುಂಬಯಿ ಪ್ರಾಂತ್ಯಕ್ಕೋ ಹೋಗಬೇಕಿತ್ತು. ಅಲ್ಲಿ ಕಲಿತದ್ದು ಕಾನೂನು; ದಾವಾ ಬರೆಯುವುದನ್ನು ಊರಿಗೆ ಬಂದು ಸೀನಿಯರ್ ಬಳಿ, ಅನೇಕ ವೇಳೆ ಅವರ ಗುಮಾಸ್ತರ ಬಳಿ, ಕಲಿಯಬೇಕಿತ್ತು. ಗುಮಾಸ್ತರಿಗೆ ನಮೂನೆಗಳೆಲ್ಲ ಬಾಯಿಪಾಠ. ಆದರೆ ನಮೂನೆ ಗೊತ್ತಿದ್ದ ಮಾತ್ರಕ್ಕೆ ಯಾವ ಸಂಗತಿ ಬೇಕು, ಯಾವುದು ಬೇಡ ಎಂಬುದು ತಿಳಿಯುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶ ಕೇಳುವುದು ಇದನ್ನೇ: ಮುಖ್ಯ ಸಂಗತಿಗಳನ್ನು ಚುಟುಕಾಗಿ, ಕ್ರಮಸಂಖ್ಯೆಯ ಪ್ಯಾರಾಗಳಲ್ಲಿ ಹೇಳಬೇಕು, ಸಾಕ್ಷ್ಯವನ್ನು ಅಲ್ಲಿ ತುಂಬಬಾರದು.

1974ರ ಭೂಸುಧಾರಣೆ ಈ ವಿದ್ಯೆಯನ್ನು ವಕೀಲರ ಕಚೇರಿಯಿಂದ ಹೊರಗೆಳೆಯಿತು. ಉಳುವ ಜಮೀನಿನ ಹಕ್ಕು ಕೋರಿ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. 1979ರ ಜೂನ್ 30 ಕೊನೆಯ ದಿನ. ಕಾಫಿ ತೋಟಗಳಿಗೆ ವಿನಾಯಿತಿಯಿತ್ತು, ಆದರೆ ತೋಟಗಳ ಕೆಳಗಿನ ಗದ್ದೆಗಳಿಗೆ ಇರಲಿಲ್ಲ. ಮಂಡಳಿಯ ಮುಂದೆ ವಕೀಲರು ಹಾಜರಾಗದಂತೆ ಕಾಯಿದೆಯೇ ತಡೆದಿತ್ತು. ಹೀಗಾಗಿ ಅರ್ಜಿ ಬರೆಯಬಲ್ಲವರೆಲ್ಲ ಊರಿಗೆ ಬೇಕಾದವರಾದರು. ಆ ನಿರ್ಬಂಧ ನಿಲ್ಲದೆಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ಕೊಟ್ಟಿತು. ಮುಂದೆ ಬಗರ್ ಹುಕುಂ, ಎಂದರೆ ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ, ಸಾಗುವಳಿಯ ಫಾರಂ 50, 53, 57 ಬಂದಾಗಲೂ ಅರ್ಜಿ ಬರೆದುಕೊಡುವವರ ಅಗತ್ಯ ಕಡಿಮೆಯಾಗಲಿಲ್ಲ.

1961ರ ವಕೀಲರ ಕಾಯಿದೆಯಿಂದ ಕಾನೂನು ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುವ ಹೊಣೆ ಭಾರತೀಯ ವಕೀಲರ ಪರಿಷತ್ತಿಗೆ ಬಂತು. ಪರಿಷತ್ತಿನ 2008ರ ನಿಯಮಗಳು ಕರಡು ರಚನೆ, ವಾದಪತ್ರ ಮತ್ತು ಹಸ್ತಾಂತರ ಪತ್ರಗಳ ಬರವಣಿಗೆಯನ್ನು ಕಡ್ಡಾಯ ಪ್ರಾಯೋಗಿಕ ವಿಷಯವಾಗಿಸಿವೆ. ದಾವಾ, ಜವಾಬು, ಅಫಿಡವಿಟ್, ಮೇಲ್ಮನವಿಯಂಥ 15 ಅಭ್ಯಾಸಗಳಿಗೆ 45 ಅಂಕ. ಕ್ರಯ, ಅಡಮಾನ, ಭೋಗ್ಯ, ದಾನ, ಉಯಿಲುಗಳಂಥ 15 ಅಭ್ಯಾಸಗಳಿಗೆ 45 ಅಂಕ. ಉಳಿದ 10 ಮೌಖಿಕ ಪರೀಕ್ಷೆಗೆ. ಅಣಕು ನ್ಯಾಯಾಲಯದ ಪತ್ರಿಕೆಯಲ್ಲೂ ವಾದಕ್ಕೆ ಮುನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅದಕ್ಕೆ ಸೇರಿದ ಕಾನೂನು ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು.

ಆದರೂ ನಕಲಿನ ಹಳೆಯ ರೂಢಿ ಬೇರೆ ವೇಷದಲ್ಲಿ ಉಳಿದಿದೆ. ಮೂವತ್ತು ಅಭ್ಯಾಸಗಳ ದಾಖಲೆ ಪುಸ್ತಕವನ್ನು ಹಿಂದಿನ ವರ್ಷದವರದು ನೋಡಿ ಭರ್ತಿ ಮಾಡಿದರೆ ಅಂಕ ಬರುತ್ತದೆ, ಬರವಣಿಗೆ ಬರುವುದಿಲ್ಲ. ವಿದ್ಯಾರ್ಥಿ ಬರೆದ ಕರಡನ್ನು ಅಧ್ಯಾಪಕರು ತಿದ್ದಿ, ಏಕೆ ತಿದ್ದಿದರೆಂದು ಹೇಳಿ, ಮತ್ತೊಮ್ಮೆ ಬರೆಸಿದಾಗ ಮಾತ್ರ ನಿಯಮದ ಉದ್ದೇಶ ಈಡೇರುತ್ತದೆ. ಇನ್ನೊಂದು ತೊಡಕು ಭಾಷೆಯದು. ಪಠ್ಯಪುಸ್ತಕಗಳ ಮಾದರಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆಯೂ ಇಂಗ್ಲಿಷ್. ಮೂಡಿಗೆರೆಯಂಥ ತಾಲ್ಲೂಕು ನ್ಯಾಯಾಲಯಕ್ಕೆ ಬರುವ ಕಕ್ಷಿದಾರರ ಪಹಣಿ, ಪಾಲುಪಟ್ಟಿ, ಕ್ರಯಪತ್ರಗಳು ಕನ್ನಡದಲ್ಲಿವೆ. ಹೊಸ ವಕೀಲರು ಎರಡರಲ್ಲೂ ಪಳಗಬೇಕು. ಕಾಲೇಜು ಕನ್ನಡದ ಬರವಣಿಗೆಯನ್ನು ಪೂರ್ತಿ ಕಲಿಸದಿರುವುದರಿಂದ, ಕಾಫಿಸೀಮೆಯಲ್ಲಿ ಸೀನಿಯರ್ ಕಚೇರಿಯೂ ಅಲ್ಲಿನ ಹಳೆಯ ಪತ್ರಗಳ ಕಟ್ಟುಗಳೂ ಇಂದಿಗೂ ಕಾನೂನು ಬರವಣಿಗೆಯ ಎರಡನೇ ಶಾಲೆಯಾಗಿ ಉಳಿದಿವೆ.